ಪಟ್ಟಿಯಕ್ಕನ ಮಣೆ

ನಮ್ಮ ಬೀದಿಯ ಕಲಾಯಿ ಅಂಗಡಿಯವರಿಗೆ ಕಿಡಿಯಣ್ಣ ಎಂಬ ಹೆಸರು ಬಂದದ್ದು ಕುಲುಮೆಯ ಕಿಡಿಯಿಂದಲೋ ಬಾಯಿಯ ಕಿಡಿಯಿಂದಲೋ ಎಂದು ಯಾರೂ ವಿಚಾರಿಸಿದ್ದಿಲ್ಲ. ವಿಚಾರಿಸಲು ಹೋದವರ ಮೇಲೆ ಎರಡನೆಯದು ಬೀಳುವ ಸಂಭವವೇ ಹೆಚ್ಚು. ವಯಸ್ಸು ಅರವತ್ತೆಂಟು. ಮೊಣಕೈವರೆಗೆ ಸುಟ್ಟ ಕಲೆಗಳು. ಎಡಹುಬ್ಬು ಅರ್ಧ ಸೀದುಹೋಗಿ, ಎದುರಿನವರು ಏನು ಹೇಳಿದರೂ ನಂಬದವರ ಮುಖ. ಒಂದು ಕಡೆ ಸೈಕಲ್ ರಿಪೇರಿ, ಇನ್ನೊಂದು ಕಡೆ ಟೈಲರ್, ನಡುವೆ ಎಂಟಡಿ ಅಗಲದ ಅಂಗಡಿ, ಅದರ ಹಿಂದೆಯೇ ಮನೆ. ನೆಲದಲ್ಲಿ ಇದ್ದಿಲ ಗುಂಡಿ, ಅದಕ್ಕೆ ಗಾಳಿ ಊದುವ ತಿದಿ, ಗೋಡೆಯಲ್ಲಿ ಉದ್ದುದ್ದ ಇಕ್ಕಳಗಳು. ಗುಂಡಿಯ ಎದುರಿಗೆ ನೀರಿನ ತೊಟ್ಟಿ. ತೊಟ್ಟಿಯ ಪಕ್ಕ ಒಂದು ಮಣೆ. ಆ ಮಣೆ ಅವರ ಹೆಂಡತಿಯದು.

ಕಲಾಯಿ ಒಬ್ಬರ ಕೈಯ ಕೆಲಸವಲ್ಲ. ತಾಮ್ರದ ಪಾತ್ರೆಯನ್ನು ಉಜ್ಜಿ ತೊಳೆದು, ಕೆಂಪಾಗುವ ಮುಂಚಿನ ಹದಕ್ಕೆ ಕಾಯಿಸಿ, ಒಳಗೆ ನವಸಾಗರದ ಪುಡಿ ಎಸೆದು, ಬಿಳಿ ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿ ಮುಟ್ಟಿಸಿ, ಕರಗಿದ್ದನ್ನು ಹತ್ತಿಯಿಂದ ಒಂದೇ ಉಸಿರಿಗೆ ಒಳಗೆಲ್ಲ ಬಳಿಯಬೇಕು. ಬಳಿಯುವವರು ಕಿಡಿಯಣ್ಣ. ಮೊದಲು ನೆನೆಸುವವರು, ಕೊನೆಗೆ ನೀರಿಗೆ ಅದ್ದಿ ಒರೆಸುವವರು ಆಕೆ. ನೆನೆಸುವುದು ಎಂದರೆ ಆಕೆಯ ವಿಷಯದಲ್ಲಿ ಎರಡೂ ಅರ್ಥಕ್ಕೆ ಸರಿ. ಪಾತ್ರೆ ತೊಟ್ಟಿಯಲ್ಲಿ ನೆನೆಯುವಷ್ಟರಲ್ಲಿ ಅದು ಯಾರ ಮನೆಯದೆಂದು ತಲೆಯಲ್ಲೂ ನೆನೆದುಬಿಡುತ್ತಿತ್ತು. ಬೇರೆ ಕಲಾಯಿಯವರು ಪಾತ್ರೆಯ ಕಂಠಕ್ಕೆ ಉಳಿಯಿಂದ ಚುಕ್ಕಿ ಹೊಡೆದು ಗುರುತಿಡುತ್ತಾರೆ. ಈ ಅಂಗಡಿಯಲ್ಲಿ ಚುಕ್ಕಿ ಇಲ್ಲ, ಚೀಟಿ ಇಲ್ಲ, ಪುಸ್ತಕವಿಲ್ಲ.

"ಅವರ ಪಾತ್ರೆಗೆ ನಾನ್ಯಾಕಮ್ಮ ಗಾಯ ಮಾಡ್ಲಿ" ಎನ್ನುತ್ತಿದ್ದರು. "ಇದು ಬೇಕರಿಯವರದು, ಕಿವಿ ಹತ್ರ ತಗ್ಗಿದೆ. ಇದು ಹಲ್ಲಿನ ಡಾಕ್ಟರ್ ಮನೇದು, ಅವರತ್ತೆ ಸತ್ತಾಗ ಇನ್ನೊಬ್ಬ ಸೊಸೆ ಕೈಲಿ ಕಿತ್ಕೊಂಡಿದ್ದು, ಅದಕ್ಕೇ ಹಿಡಿ ಸೊಟ್ಟ."

ಒಮ್ಮೆಗೆ ನಲವತ್ತು ಪಾತ್ರೆ ಬಂದರೂ ಒಂದೂ ಆಚೀಚೆ ಆಗುತ್ತಿರಲಿಲ್ಲ. ಅದಕ್ಕೇ ಬೀದಿಗೆಲ್ಲ ಆಕೆ ಪಟ್ಟಿಯಕ್ಕ. ಮದುವೆಯಾದ ವರ್ಷವೇ ತಾಯಿ ಹೋಗಿ, ತಾಯಿಮನೆಯ ಬಾಗಿಲು ಮುಚ್ಚಿಹೋಗಿತ್ತು. "ನಂಗೆ ತವರಿಲ್ಲ, ತವರ ಇದೆ" ಎಂಬುದು ಆಕೆಯ ಹಳೆಯ ಜೋಕು. ಪ್ರತಿ ಸಲವೂ ಮೊದಲ ಸಲ ಹೇಳುವಂತೆ ಹೇಳಿ ನಗುತ್ತಿದ್ದರು. ಕೊನೆಕೊನೆಗೆ ನಿಜವಾಗಿಯೂ ಮೊದಲ ಸಲ ಹೇಳುವಂತೆ, ಗಂಟೆಗೆ ನಾಲ್ಕು ಸಲ ಹೇಳತೊಡಗಿದಾಗ ನಾವು ನಗುವುದನ್ನು ನಿಲ್ಲಿಸಿದೆವು.

ಮೊದಲ ತಪ್ಪು ಬೇಕರಿಯವರ ಬೋಗುಣಿ ಹಲ್ಲಿನ ಡಾಕ್ಟರ್ ಮನೆಗೆ ಹೋದದ್ದು. ಆಮೇಲೆ ವಾರಕ್ಕೊಂದು. ಒಂದು ಶನಿವಾರ ಮೂವತ್ತೊಂದು ಪಾತ್ರೆಗಳು ಬೆಳ್ಳಗೆ ಹೊಳೆಯುತ್ತ ಸಾಲಾಗಿ ಕೂತಿದ್ದವು, ಒಂದಕ್ಕೂ ಮಾಲೀಕರಿಲ್ಲ. ಪಟ್ಟಿಯಕ್ಕ ಅವುಗಳ ಮುಂದೆ, ನೆಂಟರ ಮನೆಯ ಮದುವೆಯಲ್ಲಿ ಯಾರದೂ ಗುರುತು ಹತ್ತದವರಂತೆ ನಿಂತಿದ್ದರು. ಕಿಡಿಯಣ್ಣ ಕೂಗಾಡಿದರು.

"ಏನು ನೋಡ್ತಾ ನಿಂತಿದೀಯ? ಮೈಮೇಲೆ ಜ್ಞಾನ ಇಲ್ವಾ? ಬೀದಿ ತುಂಬ ನನ್ನ ಮಾನ ಕಳೀತಿದೀಯ."

ಎರಡು ವರ್ಷ ಹೀಗೆ ಬೈದರು. ಗಮನವಿಲ್ಲ, ಸೋಮಾರಿತನ, ಬೇಕಂತಲೇ ಮಾಡುತ್ತಾಳೆ, ಎಲ್ಲ ಅಂದರು. ಕಾಯಿಲೆ ಎಂದು ತಿಳಿದಾಗ ಆ ಬೈಗುಳವೆಲ್ಲ ಅವರಿಗೆ ನೆನಪಿತ್ತು, ಆಕೆಗೆ ಇರಲಿಲ್ಲ. ಕ್ಷಮೆ ಕೇಳೋಣವೆಂದರೆ ಯಾವುದಕ್ಕೆ ಎಂದು ಕೇಳುವ ಹೆಂಡತಿ. ಅಂದಿನಿಂದ ಕಿಡಿಯಣ್ಣನ ಸಿಟ್ಟಿಗೆ ಮನೆಯಲ್ಲಿ ಜಾಗ ತಪ್ಪಿ, ಅದು ಬೀದಿಗೆ ಬಂತು.

ನರದ ಡಾಕ್ಟರ ಬಳಿ ಹೋಗುವಾಗ ನನ್ನನ್ನೂ ಕರೆದರು. "ನೀವು ಕಾನ್ವೆಂಟ್ ಓದಿದೋರು, ಅವರು ಇಂಗ್ಲಿಷಲ್ಲಿ ಹೇಳಿದ್ದನ್ನ ಇಳಿಸಿಕೊಡಿ" ಎಂದರು. ಡಾಕ್ಟರಮ್ಮ ಅಚ್ಚ ಕನ್ನಡದಲ್ಲಿ ಮಾತಾಡಿ ನನ್ನನ್ನು ನಿರುದ್ಯೋಗಿ ಮಾಡಿದರು. ಸ್ಕ್ಯಾನ್, ಪರೀಕ್ಷೆ, ಗಡಿಯಾರದ ಚಿತ್ರ ಬರೆಸುವುದು ಎಲ್ಲ ಮುಗಿದು ಆಲ್ಝೈಮರ್ ಎಂಬ ಮಾತು ಹೊರಬಿದ್ದ ಮೇಲೆ ಕಿಡಿಯಣ್ಣ ಕೇಳಿದ್ದು ಒಂದೇ ಪ್ರಶ್ನೆ. ಅದನ್ನು ಕೇಳಲೆಂದೇ ಅವರು ಬಂದಂತಿತ್ತು.

"ನನ್ನ ತಾಮ್ರ ಇವಳ ತಲೆಗೆ ಹತ್ತಿತಾ?"

ಆ ಪ್ರಶ್ನೆ, ಗಂಡನ ಜೊತೆ ಅದೇ ಮನೆಯಲ್ಲಿದ್ದ ಮಗಳದ್ದು. "ನಲವತ್ತೊಂದು ವರ್ಷ ಆ ಹೊಗೆ ಮುಂದೆ ಅಮ್ಮನ್ನ ಕೂರಿಸಿದ್ರಿ, ಲೋಹ ಎಲ್ಲ ಮಿದುಳಿಗೆ ಇಳಿದಿದೆ" ಎಂದು ಹಿಂದಿನ ವಾರವಷ್ಟೇ ಅವಳು ಅಡುಗೆಮನೆಯಲ್ಲಿ ನಿಂತು ಅಪ್ಪನ ಮುಖಕ್ಕೇ ಹೇಳಿದ್ದಳು.

ಡಾಕ್ಟರಮ್ಮ ಕನ್ನಡಕ ತೆಗೆದರು. "ನೋಡಿ, ಈ ಕಾಯಿಲೆಯವರ ಮಿದುಳಲ್ಲಿ ಒಂಥರಾ ಪ್ರೋಟೀನ್ ಗಂಟು ಕಟ್ಕೊಂಡಿರುತ್ತೆ. ಅದರೊಳಗೆ ತಾಮ್ರ, ಸತು, ಕಬ್ಬಿಣ ಸಿಕ್ಕಿರೋದು ನಿಜ. ಆದ್ರೆ ಅವೆಲ್ಲ ನಿಮ್ಮ ತಲೇಲೂ ಇದೆ, ನನ್ನ ತಲೇಲೂ ಇದೆ. ಇರ್ಲೇಬೇಕು. ಚಿಟಿಕೆಗಿಂತ ಕಡಿಮೆ, ಅಷ್ಟೇ. ಅದಿಲ್ದೆ ಮಿದುಳು ಕೆಲಸಾನೇ ಮಾಡಲ್ಲ. ಈ ಕಾಯಿಲೇಲಿ ಇರಬೇಕಾದ ಜಾಗ ಬಿಟ್ಟು ಬೇರೆ ಕಡೆ ಸೇರ್ಕೊಳ್ಳುತ್ತೆ. ಅದರಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ಅದು ಹಾಗಾಯ್ತೋ, ತಿಳಿದೋರ ಮಧ್ಯೆ ಇನ್ನೂ ತೀರ್ಮಾನ ಆಗಿಲ್ಲ."

"ಮತ್ತೆ ಅಲ್ಯೂಮಿನಿಯಂ?" ಎಂದೆ ನಾನು.

"ಅದರ ಮೇಲಿನ ಅನುಮಾನ ಹಳೇದು. ಅಡುಗೆ ಪಾತ್ರೆಯಿಂದ ಈ ಕಾಯಿಲೆ ಬರುತ್ತೆ ಅಂತ ಇವತ್ತಿನವರೆಗೆ ಯಾರೂ ತೋರಿಸಿಕೊಟ್ಟಿಲ್ಲ."

ಕಿಡಿಯಣ್ಣ ತಮ್ಮ ಕೈ ನೋಡಿಕೊಂಡರು. "ಹಾಲು ಸೀದ ಪಾತ್ರೆ ನನ್ನ ಹತ್ರ ಬರುತ್ತೆ, ತಳದಲ್ಲಿ ಕರಿ ಇರುತ್ತೆ. ಕರಿ ಇತ್ತು ಅಂತ ಹಾಲು ಸೀದಿತಾ, ಹಾಲು ಸೀದಿದ್ದಕ್ಕೆ ಕರಿ ಬಂತಾ, ಪಾತ್ರೆ ನೋಡಿ ಹೇಳಕ್ಕಾಗಲ್ಲ. ಅಡುಗೆ ಮಾಡ್ದೋರ್ನ ಕೇಳಬೇಕು."

"ಇದರಲ್ಲಿ ಅಡುಗೆ ಮಾಡಿದೋರು ಇನ್ನೂ ಸಿಕ್ಕಿಲ್ಲ" ಎಂದರು ಡಾಕ್ಟರಮ್ಮ.

ಪಟ್ಟಿಯಕ್ಕ ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಇದಕ್ಕೆ ಕಲಾಯಿ ಹಿಡಿಯಲ್ಲ, ತಗೊಂಡ್ಹೋಗಿ" ಎಂದರು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ದುಃಖದ ಕಥೆಯಾಗುತ್ತಿತ್ತು. ಸಿಟ್ಟಿನ ಕಥೆ ಮಾಡಿದ್ದು ನಾವು.

ಆರು ತಿಂಗಳ ನಂತರ ಎಲ್ಲರ ಫೋನಿಗೂ ಒಂದು ಸಂದೇಶ ಬಂತು. ಅಲ್ಯೂಮಿನಿಯಂ ಪಾತ್ರೆಯೇ ಮರೆವಿನ ಮೂಲ, ನಿಮ್ಮ ಅಡುಗೆಮನೆಯಲ್ಲೇ ಶತ್ರು, ಇಂದೇ ಎಸೆಯಿರಿ, ಹತ್ತು ಜನರಿಗೆ ಕಳಿಸಿ. ಕೆಳಗೆ ಬಿಳಿಕೋಟಿನವರೊಬ್ಬರ ಚಿತ್ರ. ಯಾರೆಂದು ಕೇಳಿದವರಿಲ್ಲ, ಬಿಳಿಕೋಟು ಇತ್ತಲ್ಲ, ಸಾಕು. ಒಂದೇ ವಾರದಲ್ಲಿ ಬೀದಿ ಕೊನೆಯ ಕಸದ ತೊಟ್ಟಿ ಅಲ್ಯೂಮಿನಿಯಂ ಗುಡ್ಡವಾಯಿತು. ಅಟ್ಟದ ಮೇಲೆ ಮೂವತ್ತು ವರ್ಷ ಧೂಳು ತಿಂದ ತಾಮ್ರದ ಪಾತ್ರೆಗಳು ಕೆಳಗಿಳಿದು, ಕಿಲುಬು ಹಿಡಿದ ಮೈಯಲ್ಲೇ ಕಲಾಯಿ ಅಂಗಡಿಯ ಮುಂದೆ ಸಾಲು ನಿಂತವು. ಡಾಕ್ಟರಮ್ಮನ ಮಾತನ್ನು ಕಿವಿಯಾರೆ ಕೇಳಿ ಬಂದವಳು ನಾನು. ಆದರೂ ನಮ್ಮ ಮನೆಯ ಎರಡು ಅಲ್ಯೂಮಿನಿಯಂ ಡಬರಿಗಳು ಆ ಗುಡ್ಡದಲ್ಲಿದ್ದವು ಎಂಬುದನ್ನು ಇಲ್ಲಿ ಬರೆಯದಿದ್ದರೆ ಮುಂದೆ ಬರೆಯಲು ನನಗೆ ಮುಖವಿಲ್ಲ. ಭಯಕ್ಕೆ ಕಾನ್ವೆಂಟು ಗೊತ್ತಾಗುವುದಿಲ್ಲ.

ಕಿಡಿಯಣ್ಣನ ಅಳಿಯ ಆ ತನಕ ಮಾರ್ಕೆಟ್ಟಿನ ಬಾಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾರುತ್ತಿದ್ದವನು. ಕಲಾಯಿಯ ಕಾಲ ಮುಗಿಯಿತು ಮಾವ, ಅಂಗಡಿ ಬಾಡಿಗೆಗೆ ಕೊಡಿ ಎಂದು ಹತ್ತು ವರ್ಷ ಹೇಳಿದವನು. ಈಗ ರಾತ್ರೋರಾತ್ರಿ ತಾಮ್ರದ ಭಕ್ತನಾದ. ತನ್ನ ಅಂಗಡಿ ಮುಚ್ಚಿ ಮಾವನ ಅಂಗಡಿಗೆ ಬಂದು ಕೂತು, ಮುಂಬಾಗಿಲ ಮೇಲೆ ಒಂದು ಬೋರ್ಡು ಏರಿಸಿದ. ನೆನಪು ಉಳಿಸುವ ಕಲಾಯಿ. ಅಡಿಯಲ್ಲಿ, ನಿಮ್ಮ ಮಿದುಳಿಗೆ ಬೆಳ್ಳನೆಯ ಕಾವಲು. ಬೋರ್ಡನ್ನು ಬರೆಸಿದ್ದು ಯಾವುದರ ಮೇಲೆ ಎಂದು ಬೆರಳಲ್ಲಿ ಬಡಿದು ನೋಡಿದವರು ಕಿಡಿಯಣ್ಣ ಒಬ್ಬರೇ. ಅಲ್ಯೂಮಿನಿಯಂ ಶೀಟು. ಹಳೆಯ ಅಂಗಡಿಯದು ಉಳಿದಿತ್ತಂತೆ.

"ಅಳಿಯಂದ್ರೇ, ಕಲಾಯಿ ಹಾಕೋದು ತಾಮ್ರಕ್ಕೆ ಹುಳಿ ತಾಗಿ ಕಿಲುಬು ಊಟಕ್ಕೆ ಇಳೀಬಾರದು ಅಂತ. ಅಷ್ಟೇ. ನೆನಪು ಉಳಿಸೋಕೆ ನನ್ನ ಹತ್ರ ತವರ ಇಲ್ಲ."

"ಮಾವ, ನಾವು ಸುಳ್ಳು ಹೇಳ್ತಿಲ್ಲ. ಜನ ನಂಬಿದಾರೆ, ನಾವು ಬೇಡ ಅಂತಿಲ್ಲ."

"ಆಹಾ. ನನ್ನ ಹೆಂಡ್ತೀನ ನೋಡಿದ್ರೆ ಏನಂತಾರೆ?"

ಅಳಿಯ ಮುಂದಿನ ಗಿರಾಕಿಯ ಪಾತ್ರೆಗೆ ಕೈ ಚಾಚಿದ. ಉತ್ತರ ಅವನು ಆಗಲೇ ಹುಡುಕಿಟ್ಟಿದ್ದ, ನಮಗೆ ಆಮೇಲೆ ಗೊತ್ತಾಯಿತು.

ಪಟ್ಟಿಯಕ್ಕ ಆ ಅಂಗಡಿಗೆ ದೊಡ್ಡ ತೊಡಕು. ಹುಟ್ಟಿದಾಗಿನಿಂದ ಅಲ್ಯೂಮಿನಿಯಂ ಪಾತ್ರೆ ಒಲೆ ಮೇಲೆ ಇಟ್ಟವರಲ್ಲ. ಗಂಡನೇ ಕಲಾಯಿ ಹಾಕಿದ ತಾಮ್ರದಲ್ಲಿ ಬೇಯಿಸಿ ಉಂಡವರು. ನೆನಪು ಉಳಿಯಬೇಕಾದರೆ ಮೊದಲು ಅವರದು ಉಳಿಯಬೇಕಿತ್ತು. ಮಣೆಯ ಮೇಲೆ ಕೂತು, ಬಂದವರನ್ನೆಲ್ಲ "ನೀವು ಯಾರ ಮನೆಯೋರು" ಎಂದು ಕೇಳುತ್ತಿದ್ದರು. ಒಬ್ಬ ಗಿರಾಕಿ, ನಿವೃತ್ತ ಸರ್ವೆಯರು, "ಇವರಿಗೇನಾಗಿದೆ?" ಎಂದಾಗ ಅಳಿಯ "ಕಿವಿ ಮಂದ" ಎಂದುಬಿಟ್ಟ. ಮರುದಿನ ತೊಟ್ಟಿ, ಮಣೆ ಎರಡರ ಮುಂದೆಯೂ ಒಂದು ಪರದೆ ಬಂತು. ವಾರ ಕಳೆದು ಪರದೆ ಹೋಯಿತು, ಮಣೆಯೂ ಖಾಲಿಯಾಯಿತು. ಕೇಳಿದವರಿಗೆ ಮಗಳು "ಅಮ್ಮ ಒಳಗೆ ಮಲಗಿದಾರೆ, ಹೊಗೆ ಆಗಲ್ಲ ಅವರಿಗೆ" ಎಂದಳು. ಕಿಡಿಯಣ್ಣನೂ ಅದನ್ನೇ ನಂಬಿದರು. ಲೋಹ ತಲೆಗೆ ಹತ್ತಿತು ಎಂಬ ಮಗಳ ಮಾತು ಡಾಕ್ಟರಮ್ಮ ಎಷ್ಟು ತೊಳೆದರೂ ಅವರ ಎದೆಯಿಂದ ಪೂರ್ತಿ ಹೋಗಿರಲಿಲ್ಲ. ಹೊಗೆಯಿಂದ ದೂರ ಇರಲಿ ಎಂದುಕೊಂಡರು. ಆ ಮನೆಯಲ್ಲಿ ಒಂದೇ ಲೋಹ ಒಳಗಿನ ಕೋಣೆಯಲ್ಲಿ ವಿಷ, ಹೊರಗಿನ ಕೋಣೆಯಲ್ಲಿ ಔಷಧ. ನಡುವೆ ಒಂದು ಬಾಗಿಲು. ಮರೆವಿನವರನ್ನು ಮರೆಗೆ ಸರಿಸಿ ನಡೆಯುತ್ತಿತ್ತು ನೆನಪಿನ ವ್ಯಾಪಾರ.

ಆ ದಿನ ನಾನೂ ಸಾಲಿನಲ್ಲಿದ್ದೆ, ಅಜ್ಜಿಯ ಕಾಲದ ಒಂದು ತಾಮ್ರದ ತಪ್ಪಲೆ ಹಿಡಿದು. ಹನ್ನೊಂದು ಗಂಟೆಯಿರಬೇಕು. ಹತ್ತಿ ಮುಗಿಯಿತು. ಹತ್ತಿಯ ಮೂಟೆ ಇರುವುದು ಒಳಕೋಣೆಯಲ್ಲಿ. ಎಂದೂ ಊಟದ ಹೊತ್ತಿಗೆ ಮುಂಚೆ ಒಳಗೆ ಹೋಗದ ಕಿಡಿಯಣ್ಣ ಎದ್ದು ಹೋದರು. ಅಳಿಯ "ನಾನು ತರ್ತೀನಿ ಮಾವ" ಎನ್ನುತ್ತ ಹಿಂದೆಯೇ ಓಡಿದ. ಅಂಗಡಿ ಎಂಟೇ ಅಡಿ, ಒಳಗಿನದೆಲ್ಲ ಸಾಲಿನಲ್ಲಿದ್ದ ನಮಗೆ ಕಾಣುತ್ತಿತ್ತು, ಕೇಳುತ್ತಿತ್ತು.

ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಹೊಸ ಚಿಲಕ, ಬಾಗಿಲು ತೆರೆದಿದ್ದಾಗ ಗೋಡೆಗೆ ಮರೆಯಾಗುವಂಥದ್ದು. ಒಳಗಿನಿಂದ ಯಾರೋ ಅಂಗೈಯಲ್ಲಿ ಬಾಗಿಲು ತಟ್ಟುತ್ತಿದ್ದರು, ಜೋರಾಗೇನಲ್ಲ, ಮಗುವನ್ನು ತಟ್ಟಿದ ಹಾಗೆ.

"ರೀ, ಪಾತ್ರೆ ನೆನೆಯೋಕೆ ಹಾಕಿದೀನಿ. ತೆಗೀರಿ. ಬಣ್ಣ ಕೆಡುತ್ತೆ."

ಕಿಡಿಯಣ್ಣ ಚಿಲಕದ ಮೇಲೆ ಬೆರಳಿಟ್ಟರು. "ಇದನ್ನ ಯಾರು ಹಾಕಿದ್ದು?"

"ಅವರ ಒಳ್ಳೇದಕ್ಕೇ ಮಾವ. ಕುಲುಮೆ ಉರೀತಿರುತ್ತೆ, ಬಂದು ಕೈಕಾಲು ಸುಟ್ಕೊಂಡ್ರೆ?"

"ಇಡೀ ದಿನ ಏನಲ್ಲಪ್ಪ" ಎಂದಳು ಮಗಳು, ಅಡುಗೆಮನೆಯಿಂದ ಒದ್ದೆ ಕೈಯಲ್ಲಿ ಬಂದು. "ಹತ್ತರಿಂದ ಐದು. ಊಟದ ಹೊತ್ತಿಗೆ ತೆಗೀತೀನಿ."

"ಹತ್ತರಿಂದ ಐದು" ಎಂದರು ಕಿಡಿಯಣ್ಣ. ಅವರ ದನಿ ಅಷ್ಟು ತಣ್ಣಗಿದ್ದುದನ್ನು ಬೀದಿ ಎಂದೂ ಕೇಳಿರಲಿಲ್ಲ. "ನಾನು ಬೆಂಕಿ ಹಚ್ಚೋದು ಬೆಳಿಗ್ಗೆ ಆರಕ್ಕೆ. ಆರರಿಂದ ಹತ್ತರವರೆಗೆ ಬೆಂಕಿ ಸುಡಲ್ವಾ? ಹತ್ತಕ್ಕೆ ಬರೋದು ಬೆಂಕಿ ಅಲ್ಲಮ್ಮ, ಗಿರಾಕಿ."

ಮಗಳು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು, ಒಣಗಿದ ಮೇಲೂ.

"ಅಪ್ಪ, ನೋಡೋರು ಏನಂದ್ಕೋತಾರೆ ಅಂತ..."

"ನಿಮ್ಮಮ್ಮ ಎರಡು ವರ್ಷ ನನ್ನ ಹತ್ರ ಬೈಸ್ಕೊಂಡ್ಳು. ತಪ್ಪು ನಂದು. ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿದೆ. ಗೊತ್ತಿದ್ದೂ ಚಿಲಕ ಹಾಕಿದೀರಿ."

ಇಕ್ಕಳ ಅವರ ಕೈಯಲ್ಲೇ ಇತ್ತು. ಚಿಲಕವನ್ನು ಸ್ಕ್ರೂ ಸಮೇತ, ಬಾಗಿಲ ಮರದ ಒಂದು ಚೂರಿನ ಸಮೇತ ಕಿತ್ತರು. ಬಾಗಿಲು ತೆರೆಯಿತು. ಪಟ್ಟಿಯಕ್ಕ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಲಸಕ್ಕೆ ತಯಾರಾಗಿ. ಎಷ್ಟು ದಿನದಿಂದ ಹಾಗೆ ತಯಾರಾಗಿ ನಿಂತಿದ್ದರೋ.

"ಎಷ್ಟು ಹೊತ್ರೀ" ಎಂದರು ಗಂಡನಿಗೆ, "ಜನ ಕಾಯ್ತಿದಾರೆ."

ಕಿಡಿಯಣ್ಣ ಆಕೆಯನ್ನು ತಂದು ಮಣೆಯ ಮೇಲೆ ಕೂರಿಸಿದರು. ಮಣೆಯನ್ನು ಬೆಂಕಿಯಿಂದ ಎರಡು ಮೊಳ ಈಚೆ ಎಳೆದರು, ತೊಟ್ಟಿಯನ್ನೂ ಎಳೆದರು, ಕಂಠದವರೆಗೆ ನೀರಿದ್ದ ತೊಟ್ಟಿ ಅದು. ಯಾರೂ ಕೈ ಹಾಕಲಿಲ್ಲ. ಹಾಕಲು ಹೆದರಿಕೆ. ಆಮೇಲೆ ಹೊರಗೆ ಬಂದು ಏಣಿಯಿಲ್ಲದೆ, ಉದ್ದದ ಇಕ್ಕಳದಿಂದಲೇ ಬೋರ್ಡನ್ನು ಜಗ್ಗಿ ಕೆಡವಿದರು. ಅದು ಸೈಕಲ್ ರಿಪೇರಿಯವನ ಮುಂದೆ ಡಬಡಬ ಸದ್ದು ಮಾಡುತ್ತ ಬಿತ್ತು.

"ಕೇಳಿ ಎಲ್ರೂ" ಎಂದರು ಸಾಲಿಗೆ. "ಇವಳು ನನ್ನ ಹೆಂಡತಿ. ಕಿವಿ ಮಂದ ಅಲ್ಲ, ಪಿಸುಮಾತೂ ಕೇಳುತ್ತೆ, ಹುಷಾರಾಗಿ ಮಾತಾಡಿ. ಇವಳಿಗೆ ಇರೋದು ಮರೆವಿನ ಕಾಯಿಲೆ. ನಲವತ್ತೊಂದು ವರ್ಷ ಉಂಡಿದ್ದು ನಾನು ಕಲಾಯಿ ಹಾಕಿದ ಪಾತ್ರೇಲಿ. ನಿಮ್ಮ ಅಲ್ಯೂಮಿನಿಯಂ ಮುಟ್ಟಿದೋಳಲ್ಲ. ಈಗ ಹೇಳಿ, ಯಾರಿಗೆ ನೆನಪು ಉಳಿಸೋ ಕಲಾಯಿ ಬೇಕು?"

ಸರ್ವೆಯರು ಕೆಮ್ಮಿದರು. "ಹಾಗಾದ್ರೆ ತಾಮ್ರಾನೇ ಕಾರಣ ಇರಬಹುದಲ್ವಾ?"

"ಇರಬಹುದು ಅನ್ನೋದು ನಿಮಗೆ ಬಹಳ ಸುಲಭ. ನಿನ್ನೆ ಅಲ್ಯೂಮಿನಿಯಂ ಇರಬಹುದು ಅಂದ್ರಿ, ಇವತ್ತು ತಾಮ್ರ ಇರಬಹುದು. ನಾಳೆ ನಾನು ತಿನ್ನಿಸಿದ ಬೈಗುಳ ಇರಬಹುದು ಅನ್ನಿ, ಅದನ್ನೂ ಒಪ್ಕೋತೀನಿ. ತಿಳಿದೋರೇ ಗೊತ್ತಿಲ್ಲ ಅಂತಿದಾರೆ. ಗೊತ್ತಿಲ್ಲ ಅನ್ನೋ ಒಂದು ಮಾತು ನಿಮ್ಮ ಬಾಯಲ್ಲಿ ಯಾಕೆ ಬರಲ್ಲ? ಅದಕ್ಕೇನು ಕಲಾಯಿ ಹಾಕ್ಬೇಕಾ?"

ಸಾಲು ಕರಗಿತು. ತವರ ಕರಗುವಷ್ಟೇ ಬೇಗ. ಹದಿನಾರು ಜನರಲ್ಲಿ ಹನ್ನೆರಡು ಜನ ಪಾತ್ರೆ ಕಂಕುಳಲ್ಲಿಟ್ಟುಕೊಂಡು ಹೋದರು. ಮರೆವಿನವರ ಮುಂದೆ ಪಾತ್ರೆ ಇಟ್ಟರೆ ಮರೆವೂ ಅಂಟೀತೇನೋ ಎಂಬಂಥ ನಡಿಗೆ. ಉಳಿದವರು ನಾಲ್ವರು. ಅವರಲ್ಲಿ ಬೇಕರಿಯವರು ಒಬ್ಬರು, ಅವರಿಗೆ ನೆನಪು ಬೇಕಿರಲಿಲ್ಲ, ಬೋಗುಣಿ ಬೇಕಿತ್ತು. ನಾನು ಉಳಿದದ್ದು ಧೈರ್ಯದಿಂದಲ್ಲ. ಕಿಡಿಯಣ್ಣ ನನ್ನನ್ನೇ ನೋಡುತ್ತಿದ್ದರು.

"ನೀವು ಡಾಕ್ಟರ್ ಎದುರಿಗೇ ಕೂತಿದ್ರಿ ಮೇಡಂ. ನಿಮ್ಮ ಡಬರಿ ಎಲ್ಲಿ?"

ಕಸದ ತೊಟ್ಟಿಯ ಕಡೆ ನೋಡಿದೆ. ಅವರೂ ನೋಡಿದರು. ನನ್ನ ಕೈಯ ತಪ್ಪಲೆ ತೆಗೆದುಕೊಂಡು ಮಣೆಯ ಪಕ್ಕ ಇಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

ಅಳಿಯ ಒಂದು ತಿಂಗಳು ಮಾತು ಬಿಟ್ಟು, ಈಗ ಮಾರ್ಕೆಟ್ಟಿನ ಬಾಯಲ್ಲೇ ಮಣ್ಣಿನ ಪಾತ್ರೆ ಮಾರುತ್ತಾನೆ. ಅದರ ಬೋರ್ಡಿನಲ್ಲಿ ಏನು ಬರೆಸಿದ್ದಾನೆಂದು ನಾನು ನೋಡಲು ಹೋಗಿಲ್ಲ. ಮಗಳು ಬೆಳಿಗ್ಗೆ ಅಮ್ಮನ ತಲೆ ಬಾಚಿ ಮಣೆಯವರೆಗೆ ಕೈಹಿಡಿದು ತಂದು ಕೂರಿಸುತ್ತಾಳೆ. ಅಪ್ಪನ ಜೊತೆ ಇನ್ನೂ ಅಷ್ಟಕ್ಕಷ್ಟೇ. ನೆನಪು ಉಳಿಸುವ ಕಲಾಯಿ ಎಂಬ ಬೋರ್ಡು ಮಧ್ಯೆ ಮಡಚಿಸಿಕೊಂಡು ಕುಲುಮೆಗೂ ಮಣೆಗೂ ನಡುವೆ ನಿಂತಿದೆ. ಕಿಡಿ ಸಿಡಿದರೆ ಪಟ್ಟಿಯಕ್ಕನಿಗೆ ತಾಗದಂತೆ ತಡೆಯುತ್ತದೆ. ಬೆಳ್ಳನೆಯ ಕಾವಲು ಎಂಬ ಸಾಲು ಆಕೆಯ ಕಡೆಗೇ ಇದೆ.

ಗಿರಾಕಿ ಕಡಿಮೆ. ಬಂದ ಪಾತ್ರೆಗೆಲ್ಲ ಈಗ ಕಂಠದಲ್ಲಿ ಚುಕ್ಕಿ. ಕಿಡಿಯಣ್ಣ ಉಳಿ ಹಿಡಿದು ಹೊಡೆಯುವಾಗ ಪ್ರತಿ ಚುಕ್ಕಿಗೂ ಹಲ್ಲು ಕಚ್ಚುತ್ತಾರೆ. ಹೆಂಡತಿ ನಲವತ್ತೊಂದು ವರ್ಷ ಮಾಡಗೊಡದ ಗಾಯ. ನನ್ನ ತಪ್ಪಲೆಗೆ ಮೂರು ಚುಕ್ಕಿ.

ಅದನ್ನು ತರಲು ಹೋದಾಗ ಪಟ್ಟಿಯಕ್ಕ ತಪ್ಪಲೆ ಒರೆಸಿ, ಬೆಳಕಿಗೆ ಹಿಡಿದು, ನನ್ನನ್ನೂ ಅದನ್ನೂ ನೋಡಿದರು.

"ಇದು ಹಲ್ಲಿನ ಡಾಕ್ಟರ್ ಮನೇದಲ್ವಾ?"

"ಹೌದಕ್ಕ" ಎಂದೆ. ಪಾಪ, ಬೇಸರ ಯಾಕೆ ಮಾಡಲಿ ಎಂದು.

ಕಿಡಿಯಣ್ಣ ಇಕ್ಕಳವನ್ನು ನೆಲಕ್ಕೆ ಬಡಿದರು. "ಯಾಕೆ ಹೌದು ಅಂದ್ರಿ? ಅವಳಿಗೆ ಸುಳ್ಳು ಹೇಳೋ ಜನ ಮನೇಲೇ ಇದ್ರು, ಸಾಕು. ಇಲ್ಲ, ನಂದು ಅನ್ನಿ."

"ಇಲ್ಲಕ್ಕ, ನಂದು" ಎಂದೆ.

ಪಟ್ಟಿಯಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಪ್ಪಲೆಯನ್ನು ನನ್ನ ಹೊಟ್ಟೆಗೆ ಒತ್ತಿದರು.

"ನಿಂದಾದ್ರೆ ತಗೊಂಡ್ಹೋಗು. ದಾರೀಲಿ ನಿಂತ್ಕೊಂಡು ಕತೆ ಹೇಳ್ತಾಳೆ. ಹಿಂದೆ ಜನ ಇಲ್ವಾ?"

ಹಿಂದೆ ಯಾರೂ ಇರಲಿಲ್ಲ. ನಾನು ಬದಿಗೆ ಸರಿದು ದಾರಿ ಬಿಟ್ಟೆ.